ಬಾಯಿ ಬಿಟ್ಟರೆ ಕಾಣುವ ಲೆಕ್ಕ: ನಾಯಿ ಮತ್ತು ಬೆಕ್ಕಿನ ಹಲ್ಲುಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿಯ ಲೇಖನ)

ಬಕ್ರೀದ್ ಹತ್ತಿರ ಬಂದಾಗ ಮೇಕೆ ಸಂತೆಗೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಬೆಲೆ ಕೇಳುವ ಮೊದಲೇ ಹಿರಿಯರು ಮೇಕೆಯ ಕೆಳತುಟಿ ಎಳೆದು ಹಲ್ಲು ನೋಡುತ್ತಾರೆ. 'ದೋ ದಾಂತ್' ಆಗಿದೆಯೇ ಎಂದು ವಿಚಾರಿಸುತ್ತಾರೆ. ಕೆಳದವಡೆಯ ಮುಂದಿನ ಎರಡು ಹಾಲುಹಲ್ಲು ಬಿದ್ದು ಅಲ್ಲಿ ಎರಡು ದೊಡ್ಡ ಹಲ್ಲು ಬಂದಿದ್ದರೆ ಮೇಕೆಗೆ ಒಂದು ವರ್ಷ ದಾಟಿದೆ ಎಂದು ಲೆಕ್ಕ. ಹಲ್ಲು ನೋಡಿ ಪ್ರಾಣಿಯನ್ನು ಓದುವ ಈ ವಿದ್ಯೆ ನಮ್ಮ ಮನೆಗಳಲ್ಲಿ ಹಳೆಯದು.

ಆದರೆ ದಿನವೂ ಅಡುಗೆಮನೆಯ ಬಾಗಿಲಲ್ಲಿ ಕೂರುವ ಬೆಕ್ಕಿನ ಬಾಯಿಯನ್ನು, ಬೀದಿಯ ತಿರುವಿನಲ್ಲಿ ಮಲಗುವ ನಾಯಿಯ ಬಾಯಿಯನ್ನು ನಾವು ಅಷ್ಟು ಗಮನವಿಟ್ಟು ನೋಡಿಲ್ಲ. ಅವುಗಳ ಹಲ್ಲಿನ ರಚನೆ ತಿಳಿದರೆ ಮೂರು ವಿಷಯಗಳು ಅರ್ಥವಾಗುತ್ತವೆ. ಆ ಪ್ರಾಣಿ ಏನು ತಿನ್ನಬೇಕು? ಅದಕ್ಕೆ ನೋವಾದರೆ ನಮಗೆ ಹೇಗೆ ತಿಳಿಯುತ್ತದೆ? ಅದು ಕಚ್ಚಿದರೆ ನಾವೇನು ಮಾಡಬೇಕು? ಮೂರನೆಯ ಪ್ರಶ್ನೆ ನಮ್ಮ ಪ್ರಾಣಕ್ಕೇ ಸಂಬಂಧಿಸಿದ್ದು.

ಮೊದಲು ಎಣಿಕೆ

ನಮ್ಮ ಬಾಯಿಯಲ್ಲಿ ಒಟ್ಟು 32 ಹಲ್ಲುಗಳು. ಮೇಕೆಗೂ ಅಷ್ಟೇ, ಆದರೆ ಅದರ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿಯಾದ ಒಸಡು ಮಾತ್ರ. ನಾಯಿಗೆ 42 ಹಲ್ಲುಗಳು. ಬೆಕ್ಕಿಗೆ 30.

ಹಲ್ಲುಗಳಲ್ಲಿ ನಾಲ್ಕು ಬಗೆ. ಮುಂದಿನವು ಬಾಚಿಹಲ್ಲು, ಚೂಪಾಗಿ ಉದ್ದವಾಗಿರುವುದು ಕೋರೆಹಲ್ಲು, ಅದರ ಹಿಂದಿನವು ಮುಂದವಡೆ ಹಲ್ಲು, ಕೊನೆಯವು ದವಡೆ ಹಲ್ಲು. ನಮ್ಮ ಮನೆಯ ಉರ್ದುವಿನಲ್ಲಿ ಕೊನೆಯ ಎರಡನ್ನೂ 'ದಾಢ್' ಎಂದೇ ಕರೆಯುತ್ತೇವೆ. ಆದರೆ ಪ್ರಾಣಿಗಳ ಲೆಕ್ಕದಲ್ಲಿ ಅವೆರಡನ್ನು ಬೇರೆ ಬೇರೆ ಖಾತೆಗೆ ಬರೆಯಬೇಕು. ವಿಜ್ಞಾನ ವಿಭಾಗದ ಗೆಳೆಯರು ಇದನ್ನು ದಂತಸೂತ್ರ ಎನ್ನುತ್ತಾರೆ. ಬಾಯಿಯ ಒಂದು ಪಕ್ಕವನ್ನು ಮಾತ್ರ ಎಣಿಸಿ ಎರಡರಿಂದ ಗುಣಿಸಿದರೆ ಸಾಕು.

ನಾಯಿ, ಮೇಲ್ದವಡೆಯ ಒಂದು ಪಕ್ಕ: ಬಾಚಿ 3, ಕೋರೆ 1, ಮುಂದವಡೆ 4, ದವಡೆ 2. ಒಟ್ಟು 10.
ನಾಯಿ, ಕೆಳದವಡೆಯ ಒಂದು ಪಕ್ಕ: ಬಾಚಿ 3, ಕೋರೆ 1, ಮುಂದವಡೆ 4, ದವಡೆ 3. ಒಟ್ಟು 11.
ಹತ್ತು ಮತ್ತು ಹನ್ನೊಂದು ಸೇರಿ 21. ಎರಡು ಪಕ್ಕಕ್ಕೆ 42.

ಬೆಕ್ಕು, ಮೇಲ್ದವಡೆಯ ಒಂದು ಪಕ್ಕ: ಬಾಚಿ 3, ಕೋರೆ 1, ಮುಂದವಡೆ 3, ದವಡೆ 1. ಒಟ್ಟು 8.
ಬೆಕ್ಕು, ಕೆಳದವಡೆಯ ಒಂದು ಪಕ್ಕ: ಬಾಚಿ 3, ಕೋರೆ 1, ಮುಂದವಡೆ 2, ದವಡೆ 1. ಒಟ್ಟು 7.
ಎಂಟು ಮತ್ತು ಏಳು ಸೇರಿ 15. ಎರಡು ಪಕ್ಕಕ್ಕೆ 30.

ಬಾಚಿಹಲ್ಲು ಮತ್ತು ಕೋರೆಹಲ್ಲು ಎರಡು ಪ್ರಾಣಿಗೂ ಸಮಾನ. ವ್ಯತ್ಯಾಸವಿರುವುದು ಹಿಂದಿನ ಹಲ್ಲುಗಳಲ್ಲಿ. ಆ ಹನ್ನೆರಡು ಹಲ್ಲುಗಳ ಅಂತರದಲ್ಲೇ ನಾಯಿ ಮತ್ತು ಬೆಕ್ಕಿನ ಊಟದ ಅಂತರವೂ ಅಡಗಿದೆ.

ಯಾವ ಹಲ್ಲಿಗೆ ಯಾವ ಕೆಲಸ

ಬಾಚಿಹಲ್ಲುಗಳು ಮೇಲೆ ಆರು, ಕೆಳಗೆ ಆರು. ನಾಯಿ ಇವುಗಳಿಂದ ಮೂಳೆಗೆ ಅಂಟಿದ ಮಾಂಸವನ್ನು ಕೆರೆದು ತೆಗೆಯುತ್ತದೆ, ಮೈಮೇಲಿನ ಚಿಗಟವನ್ನು ಕಚ್ಚಿ ಹಿಡಿಯುತ್ತದೆ. ಎಳೆಯ ನಾಯಿಯ ಬಾಚಿಹಲ್ಲಿನ ತುದಿಯಲ್ಲಿ ಮೂರು ಸಣ್ಣ ಎಸಳುಗಳಿರುತ್ತವೆ. ವಯಸ್ಸಾದಂತೆ ಅವು ಸವೆದು ನೇರವಾಗುತ್ತವೆ. ಪಶುವೈದ್ಯರು ನಾಯಿಯ ವಯಸ್ಸನ್ನು ಅಂದಾಜು ಮಾಡುವಾಗ ಇದನ್ನೂ ಗಮನಿಸುತ್ತಾರೆ. ಬೆಕ್ಕಿನ ಬಾಚಿಹಲ್ಲುಗಳು ಮಾತ್ರ ಅಕ್ಕಿ ಕಾಳಿಗಿಂತ ಚಿಕ್ಕವು. ಮೂಳೆ ಕೆರೆಯುವ ಕೆಲಸವನ್ನು ಬೆಕ್ಕಿನ ನಾಲಿಗೆ ಹಂಚಿಕೊಂಡಿದೆ. ಬೆಕ್ಕು ಕೈ ನೆಕ್ಕಿದಾಗ ಉಪ್ಪುಕಾಗದ ಉಜ್ಜಿದಂತೆ ಆಗುವುದು ಅದರ ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಗಟ್ಟಿ ಮುಳ್ಳುಗಳಿರುವುದರಿಂದ.

ಕೋರೆಹಲ್ಲುಗಳು ನಾಲ್ಕು. ಹಿಡಿಯುವುದು, ಬಿಡದಿರುವುದು ಇವುಗಳ ಕೆಲಸ. ನಾಯಿಯ ಕೋರೆಹಲ್ಲು ದಪ್ಪವಾಗಿ ಸ್ವಲ್ಪ ಹಿಂದಕ್ಕೆ ಬಾಗಿದೆ. ಬೆಕ್ಕಿನದು ತೆಳ್ಳಗೆ, ಸೂಜಿಯಂತೆ ನೇರ. ಅದರ ಹೊರಮೈಯಲ್ಲಿ ಮೇಲಿನಿಂದ ಕೆಳಗೆ ಒಂದು ಸಣ್ಣ ಗೀರು ಇರುತ್ತದೆ. ಕೋರೆಹಲ್ಲಿನಲ್ಲಿ ನಮಗೆ ಕಾಣುವುದು ಅರ್ಧಕ್ಕಿಂತ ಕಡಿಮೆ. ಕಾಣುವ ಭಾಗಕ್ಕಿಂತ ಉದ್ದವಾದ ಬೇರು ದವಡೆ ಮೂಳೆಯೊಳಗೆ ಇಳಿದಿರುತ್ತದೆ.

ಇನ್ನು ಮುಖ್ಯವಾದ ಹಲ್ಲಿಗೆ ಬರೋಣ. ಮಟನ್ ಅಂಗಡಿಯ ಮುಂದೆ ನಾಯಿ ಮೂಳೆ ತಿನ್ನುವುದನ್ನು ನೆನಪಿಸಿಕೊಳ್ಳಿ. ಅದು ಮುಂದಿನ ಹಲ್ಲಿನಿಂದ ಕಡಿಯುವುದಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂಳೆಯನ್ನು ಬಾಯಿಯ ಮೂಲೆಗೆ ತಳ್ಳಿ ಕಟಕಟ ಎನ್ನಿಸುತ್ತದೆ. ಮೀನಿನ ತಲೆ ಸಿಕ್ಕ ಬೆಕ್ಕೂ ಹಾಗೇ ತಲೆ ವಾಲಿಸುತ್ತದೆ. ಆ ಮೂಲೆಯಲ್ಲಿ ಅವುಗಳ ಕತ್ತರಿ ಇದೆ. ಮೇಲ್ದವಡೆಯ ಕೊನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲ ದವಡೆ ಹಲ್ಲು, ಇವೆರಡು ಒಂದರ ಪಕ್ಕ ಒಂದು ಜಾರಿ ಕತ್ತರಿಯ ಎರಡು ಅಲಗಿನಂತೆ ಮಾಂಸವನ್ನು ಕತ್ತರಿಸುತ್ತವೆ. ವಿಜ್ಞಾನದಲ್ಲಿ ಇವುಗಳನ್ನು ಕಾರ್ನೇಸಿಯಲ್ ಹಲ್ಲು ಎನ್ನುತ್ತಾರೆ. ನಾವು ಕತ್ತರಿ ಹಲ್ಲು ಎನ್ನೋಣ. ಹುಲಿ, ತೋಳ, ನರಿ, ಮುಂಗುಸಿ ಸೇರಿದ ಮಾಂಸಾಹಾರಿ ಗಣದ ಗುರುತೇ ಈ ಜೋಡಿ.

ನಾವು ಅಗಿಯುವಾಗ ದವಡೆಯನ್ನು ಪಕ್ಕಕ್ಕೂ ಆಡಿಸುತ್ತೇವೆ. ಮೇಕೆ ಮೆಲುಕು ಹಾಕುವಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನಾಯಿ, ಬೆಕ್ಕಿನ ದವಡೆಯ ಕೀಲು ಬಾಗಿಲ ತಿರುಗಣಿಯಂತೆ ಇದೆ. ಮೇಲೆ ಕೆಳಗೆ ಮಾತ್ರ ಚೆನ್ನಾಗಿ ಆಡುತ್ತದೆ. ಹಾಗಾಗಿ ಅವು ಬೀಸುಕಲ್ಲಿನಂತೆ ಅರೆಯಲಾರವು. ಕತ್ತರಿಸಿ ನುಂಗುತ್ತವೆ.

ಇಲ್ಲಿ ಒಂದು ವ್ಯತ್ಯಾಸವಿದೆ. ನಾಯಿಗೆ ಕತ್ತರಿ ಹಲ್ಲಿನ ಹಿಂದೆ ಇನ್ನೂ ಕೆಲವು ದವಡೆ ಹಲ್ಲುಗಳಿವೆ. ಅವುಗಳ ಮೇಲ್ಮೈ ಸ್ವಲ್ಪ ಚಪ್ಪಟೆ. ಆದ್ದರಿಂದ ನಾಯಿ ರೊಟ್ಟಿ, ಅನ್ನ, ಮುದ್ದೆ ಎಲ್ಲವನ್ನೂ ಒಂದು ಮಟ್ಟಿಗೆ ಜಜ್ಜಿ ತಿನ್ನುತ್ತದೆ. ಬೆಕ್ಕಿಗೆ ಕತ್ತರಿ ಹಲ್ಲಿನ ಹಿಂದೆ ಉಳಿದಿರುವುದು ಮೇಲ್ದವಡೆಯಲ್ಲಿ ಪಕ್ಕಕ್ಕೊಂದು ಪುಟ್ಟ ಹಲ್ಲು ಮಾತ್ರ. ಕೆಳಗೆ ಅದೂ ಇಲ್ಲ. ಒಂದು ಕಡಲೆ ಕಾಳನ್ನು ಅರೆಯಲು ಬೇಕಾದ ಜಾಗವೇ ಬೆಕ್ಕಿನ ಬಾಯಿಯಲ್ಲಿಲ್ಲ. ಬೆಕ್ಕಿನ ದೇಹವೂ ಈ ಬಾಯಿಗೆ ತಕ್ಕಂತೆಯೇ ಇದೆ. ಅದಕ್ಕೆ ಸಿಹಿ ರುಚಿ ಗೊತ್ತಾಗುವುದಿಲ್ಲ. ಟಾರಿನ್ ಎಂಬ ಅಂಶ ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಬಹುಕಾಲ ಸಿಗದಿದ್ದರೆ ಬೆಕ್ಕಿನ ಕಣ್ಣು ಮತ್ತು ಹೃದಯ ಹಾಳಾಗುತ್ತವೆ. ಬೆಕ್ಕನ್ನು ಬರೀ ಹಾಲು ಅನ್ನದಲ್ಲಿ ಸಾಕಬಾರದು ಎನ್ನುವುದಕ್ಕೆ ಕಾರಣ ಇದು.

ಹಲ್ಲುಗಳಿಗೂ ಖಾತೆ ಸಂಖ್ಯೆ

ಪಶುವೈದ್ಯರು ಪ್ರತಿ ಹಲ್ಲಿಗೂ ಮೂರು ಅಂಕಿಯ ಸಂಖ್ಯೆ ಕೊಡುತ್ತಾರೆ. ಇದಕ್ಕೆ ಟ್ರಯಡನ್ ಪದ್ಧತಿ ಎಂದು ಹೆಸರು. ಮೊದಲ ಅಂಕಿ ಬಾಯಿಯ ಭಾಗವನ್ನು ಹೇಳುತ್ತದೆ. ಪ್ರಾಣಿಯ ಬಲ ಮೇಲ್ಭಾಗ 1, ಎಡ ಮೇಲ್ಭಾಗ 2, ಎಡ ಕೆಳಭಾಗ 3, ಬಲ ಕೆಳಭಾಗ 4. ಉಳಿದ ಎರಡು ಅಂಕಿ ಮಧ್ಯದಿಂದ ಎಣಿಸಿದ ಸ್ಥಾನ. ಕೋರೆಹಲ್ಲು ಯಾವಾಗಲೂ 04, ಮೊದಲ ದವಡೆ ಹಲ್ಲು ಯಾವಾಗಲೂ 09. ಹಾಗಾದರೆ 204 ಎಂದರೆ ಎಡ ಮೇಲ್ಭಾಗದ ಕೋರೆಹಲ್ಲು. 108 ಎಂದರೆ ಬಲ ಮೇಲ್ಭಾಗದ ಕತ್ತರಿ ಹಲ್ಲು. ಅದರ ಜೋಡಿ ಕೆಳಗಿನ 409.

ನನಗೆ ಇಷ್ಟವಾದದ್ದು ಬೆಕ್ಕಿನ ಲೆಕ್ಕ. ಬೆಕ್ಕಿಗೆ ಇಲ್ಲದ ಹಲ್ಲುಗಳ ಸಂಖ್ಯೆಯನ್ನು ಬೇರೆ ಹಲ್ಲಿಗೆ ಕೊಡುವುದಿಲ್ಲ, ಖಾಲಿ ಬಿಡುತ್ತಾರೆ. ಅದರ ಬಲ ಮೇಲ್ಭಾಗದಲ್ಲಿ 104 ಆದಮೇಲೆ ನೇರವಾಗಿ 106. ಬಲ ಕೆಳಭಾಗದಲ್ಲಿ 404 ಆದಮೇಲೆ 407. ಮುಚ್ಚಿಹೋದ ಖಾತೆಯ ಸಂಖ್ಯೆಯನ್ನು ಹೊಸ ಗ್ರಾಹಕನಿಗೆ ಕೊಡದಂತೆ! ಇದರಿಂದ ನಾಯಿಯಲ್ಲೂ ಬೆಕ್ಕಿನಲ್ಲೂ 108 ಎಂದರೆ ಅದೇ ಕತ್ತರಿ ಹಲ್ಲು. ಗೊಂದಲವಿಲ್ಲ.

ಹಾಲುಹಲ್ಲುಗಳು

ನಾಯಿಮರಿ, ಬೆಕ್ಕಿನ ಮರಿ ಹುಟ್ಟುವಾಗ ಬಾಯಿಯಲ್ಲಿ ಹಲ್ಲು ಕಾಣುವುದಿಲ್ಲ. ಸುಮಾರು ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗಿ ಎರಡು ತಿಂಗಳೊಳಗೆ ಪೂರ್ತಿಯಾಗುತ್ತವೆ. ನಾಯಿಮರಿಗೆ 28, ಬೆಕ್ಕಿನ ಮರಿಗೆ 26. ಮೂರೂವರೆ ನಾಲ್ಕು ತಿಂಗಳಿಂದ ಅವು ಬಿದ್ದು, ಆರೇಳು ತಿಂಗಳಿಗೆ ದೊಡ್ಡ ಹಲ್ಲು ತುಂಬುತ್ತವೆ. ಬಿದ್ದ ಹಲ್ಲನ್ನು ಮರಿ ಹೆಚ್ಚಾಗಿ ನುಂಗಿಬಿಡುವುದರಿಂದ ನಮಗೆ ಸಿಗುವುದಿಲ್ಲ. ಅದರಿಂದ ತೊಂದರೆಯೂ ಇಲ್ಲ.

ಲೆಕ್ಕ ತಾಳೆ ನೋಡೋಣ. ನಾಯಿಗೆ 42ರಲ್ಲಿ 28 ಕಳೆದರೆ 14. ಹಾಲುಹಲ್ಲಿಲ್ಲದೆ ನೇರವಾಗಿ ಬರುವ ಹಲ್ಲುಗಳು ಇವು: ದವಡೆ ಹಲ್ಲು 10, ಮೊದಲ ಮುಂದವಡೆ ಹಲ್ಲು 4. ಬೆಕ್ಕಿಗೆ 30ರಲ್ಲಿ 26 ಕಳೆದರೆ 4. ಅವು ನಾಲ್ಕು ದವಡೆ ಹಲ್ಲುಗಳು. ಮನುಷ್ಯರಿಗೆ 32ರಲ್ಲಿ 20 ಕಳೆದರೆ 12. ಅವು ಹನ್ನೆರಡು ದವಡೆ ಹಲ್ಲುಗಳು. ಮೂರು ಲೆಕ್ಕವೂ ಸರಿ ಹೊಂದಿತು.

ಪೊಮೆರೇನಿಯನ್‌ನಂತಹ ಸಣ್ಣ ತಳಿಗಳಲ್ಲಿ ಕೆಲವೊಮ್ಮೆ ಹಾಲಿನ ಕೋರೆಹಲ್ಲು ಬೀಳದೆ, ದೊಡ್ಡದು ಅದರ ಪಕ್ಕದಲ್ಲೇ ಬರುತ್ತದೆ. ಒಂದೇ ಜಾಗದಲ್ಲಿ ಎರಡು ಕೋರೆಹಲ್ಲು ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಇಲ್ಲದಿದ್ದರೆ ಹಲ್ಲಿನ ಸಾಲು ಕೆಡುತ್ತದೆ, ನಡುವೆ ಆಹಾರ ಸಿಕ್ಕಿಕೊಂಡು ಕೊಳೆಯುತ್ತದೆ. ಮುಖದ ಆಕಾರವೂ ಮುಖ್ಯ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಉದ್ದ ಮೂತಿಯಲ್ಲಿ 42 ಹಲ್ಲುಗಳು ಆರಾಮವಾಗಿ ಸಾಲಾಗಿ ನಿಲ್ಲುತ್ತವೆ. ಪಗ್ ನಾಯಿಯ ಚಪ್ಪಟೆ ಮುಖದಲ್ಲೂ ಹೆಚ್ಚುಕಡಿಮೆ ಅಷ್ಟೇ ಹಲ್ಲು ಹಿಡಿಸಬೇಕು. ಅದಕ್ಕೇ ಅವು ತಿರುಚಿಕೊಂಡು ಒತ್ತೊತ್ತಾಗಿ ಬೆಳೆಯುತ್ತವೆ.

ಒಸಡಿನ ಕೆಳಗೆ

ಹಲ್ಲಿನ ಹೊರ ಕವಚ ಎನಾಮೆಲ್. ಅದರ ಒಳಗೆ ಡೆಂಟಿನ್. ಅದರೊಳಗೆ ರಕ್ತನಾಳ, ನರಗಳಿರುವ ತಿರುಳು. ಬೇರಿನ ಸುತ್ತ ಸಿಮೆಂಟಮ್ ಎಂಬ ಪದರ. ಬೇರನ್ನು ಮೂಳೆಗೆ ಹಿಡಿದಿಡುವುದು ಸಣ್ಣ ನಾರುಗಳು. ಇದೆಲ್ಲ ನಮ್ಮ ಹಲ್ಲಿನಂತೆಯೇ. ಆದರೆ ನಮ್ಮ ಎನಾಮೆಲ್ ಕೆಲವು ಕಡೆ ಎರಡು ಮಿಲಿಮೀಟರಿಗಿಂತ ದಪ್ಪ. ನಾಯಿ, ಬೆಕ್ಕಿನದು ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕಲ್ಲು, ಕಬ್ಬಿಣದ ಸರಪಳಿ, ಗಟ್ಟಿ ಮೂಳೆ ಕಡಿದರೆ ನಾಯಿಯ ಹಲ್ಲು ಸೀಳುವುದು ಆಶ್ಚರ್ಯವಲ್ಲ. ಹೆಚ್ಚಾಗಿ ಸೀಳುವುದು ಮೇಲಿನ ಕತ್ತರಿ ಹಲ್ಲು. ಅದಕ್ಕೆ ಮೂರು ಬೇರುಗಳಿವೆ, ಅವುಗಳ ತುದಿ ಕಣ್ಣಿನ ಕೆಳಗಿನವರೆಗೆ ಹೋಗುತ್ತದೆ. ಅಲ್ಲಿ ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಬರುತ್ತದೆ. ನೋಡಿದವರು ಯಾರೋ ಕಲ್ಲು ಹೊಡೆದಿದ್ದಾರೆ, ಕಣ್ಣಿಗೆ ಏಟಾಗಿದೆ ಎಂದುಕೊಳ್ಳುತ್ತಾರೆ. ಮೂಲ ಹಲ್ಲಿನಲ್ಲಿರಬಹುದು. ಇನ್ನೊಂದು ಮಾತು: ಬೇಯಿಸಿದ ಮೂಳೆ ಚೂರು ಚೂರಾಗಿ ಮುರಿದು ಗಂಟಲು, ಕರುಳನ್ನು ಚುಚ್ಚಬಹುದು. ಬಿರಿಯಾನಿಯ ಉಳಿದ ಮೂಳೆಯನ್ನು ಪ್ರೀತಿಯಿಂದ ಹಾಕುವವರು ಇದನ್ನು ನೆನಪಿಡಬೇಕು.

ನಮ್ಮ ಹಾಗೆ ಹುಳುಕು ಹಲ್ಲು ನಾಯಿಗಳಲ್ಲಿ ಅಪರೂಪ. ಅವುಗಳ ಜೊಲ್ಲು ಹೆಚ್ಚು ಕ್ಷಾರೀಯ, ಹಲ್ಲುಗಳು ಚೂಪು, ಹಲ್ಲುಗಳ ನಡುವೆ ಜಾಗವೂ ಇದೆ. ಅವುಗಳ ದೊಡ್ಡ ಕಾಯಿಲೆ ಒಸಡಿನದು. ಹಲ್ಲಿನ ಮೇಲೆ ಕೂತ ಪಾಚಿಯಂತಹ ಪದರ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಹಳದಿ ಕಲ್ಲಾಗುತ್ತದೆ. ಒಸಡು ಕೆಂಪಾಗುತ್ತದೆ, ಹಿಂದೆ ಸರಿಯುತ್ತದೆ, ಒಳಗಿನ ಮೂಳೆ ಕರಗುತ್ತದೆ, ಕೊನೆಗೆ ಹಲ್ಲು ಅಲುಗಾಡುತ್ತದೆ. ಬೆಕ್ಕುಗಳಲ್ಲಿ ಇನ್ನೊಂದು ರೋಗ ಸಾಮಾನ್ಯ. ಅವುಗಳ ದೇಹದ ಜೀವಕೋಶಗಳೇ ಹಲ್ಲನ್ನು ಕರಗಿಸತೊಡಗುತ್ತವೆ. ಒಸಡಿನ ಅಂಚಿನಲ್ಲಿ ಹಲ್ಲಿಗೆ ತೂತು ಬಿದ್ದಂತೆ ಕಾಣುತ್ತದೆ. ಇದು ಬಹಳ ನೋವಿನದು.

ಆದರೆ ಬೆಕ್ಕು ಅಳುವುದಿಲ್ಲ. ನೋವನ್ನು ಮರೆಮಾಚುವುದು ಅದರ ಸ್ವಭಾವ. ಮನೆಯಲ್ಲಿ ಬೆಕ್ಕು ತಟ್ಟೆಯ ಬಳಿ ಬಂದು ಮೂಸಿ ಹಿಂದೆ ಹೋದರೆ ನಮ್ಮ ದಾದಿ 'ನಖ್ರಾ' ಎನ್ನುತ್ತಾರೆ. ಹಸಿವಿದ್ದೂ ತಿನ್ನಲಾಗದೆ ಹಿಂದೆ ಸರಿಯುವ ಬೆಕ್ಕೂ ಹೀಗೇ ಕಾಣುತ್ತದೆ. ಕೆಳಗಿನ ಲಕ್ಷಣ ಕಂಡರೆ ನಖ್ರಾ ಎಂದು ಬಿಡದೆ ಪಶು ಆಸ್ಪತ್ರೆಗೆ ಒಯ್ಯಿರಿ:

• ಬಾಯಿಯಿಂದ ಕೆಟ್ಟ ವಾಸನೆ, ಜೊಲ್ಲು ಸುರಿಯುವುದು, ಜೊಲ್ಲಿನಲ್ಲಿ ರಕ್ತ.
• ಒಂದೇ ಪಕ್ಕದಲ್ಲಿ ಅಗಿಯುವುದು, ತುತ್ತನ್ನು ಬಾಯಿಂದ ಬೀಳಿಸುವುದು.
• ಪಂಜದಿಂದ ಬಾಯಿ ಉಜ್ಜಿಕೊಳ್ಳುವುದು, ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುವುದು.
• ಕಣ್ಣಿನ ಕೆಳಗೆ ಅಥವಾ ದವಡೆಯಲ್ಲಿ ಊತ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು. ನಮ್ಮ ಟೂತ್‌ಪೇಸ್ಟ್ ಕೂಡ ಬೇಡ, ಏಕೆಂದರೆ ಅವು ಉಗುಳುವುದಿಲ್ಲ, ನುಂಗುತ್ತವೆ. ಪ್ರಾಣಿಗಳಿಗೆಂದೇ ಇರುವ ಪೇಸ್ಟ್ ಮತ್ತು ಮೃದುವಾದ ಬ್ರಷ್ ಸಿಗುತ್ತವೆ. ಮರಿಯಾಗಿದ್ದಾಗಲೇ ಅಭ್ಯಾಸ ಮಾಡಿಸಿದರೆ ಸುಲಭ.

ಹಲ್ಲು ನಮ್ಮ ಮೈಗೆ ಇಳಿದಾಗ

ಈಗ ಮೂರನೆಯ ಪ್ರಶ್ನೆ. ನಾಯಿ ಕಚ್ಚಿದಾಗ ಅದರ ದಪ್ಪ ಕೋರೆಹಲ್ಲು ಚುಚ್ಚಿ ಎಳೆಯುತ್ತದೆ, ಚರ್ಮ ಹರಿಯುತ್ತದೆ, ರಕ್ತ ಕಾಣುತ್ತದೆ. ನಾವು ಹೆದರಿ ಆಸ್ಪತ್ರೆಗೆ ಓಡುತ್ತೇವೆ. ಬೆಕ್ಕು ಕಚ್ಚಿದರೆ ಕಾಣುವುದು ಎರಡು ಸಣ್ಣ ಚುಕ್ಕೆ. ಒರೆಸಿಕೊಂಡು ಸುಮ್ಮನಾಗುತ್ತೇವೆ. ಆದರೆ ಸೂಜಿಯಂತಹ ಆ ಹಲ್ಲು ಬಾಯಿಯ ರೋಗಾಣುಗಳನ್ನು ಆಳಕ್ಕೆ ಇಳಿಸಿರುತ್ತದೆ, ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಬೆಕ್ಕಿನ ಬಾಯಿಯಲ್ಲಿ ಸಾಮಾನ್ಯವಾಗಿ ಇರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಒಂದೇ ದಿನದಲ್ಲಿ ಕೈ ಊದಿಕೊಳ್ಳಬಹುದು. ಬೆರಳಿನ ಗಂಟಿನ ಮೇಲೆ ಬೆಕ್ಕು ಕಚ್ಚಿದರೆ ವೈದ್ಯರಿಗೆ ತೋರಿಸಲೇಬೇಕು.

ಈ ಬ್ಯಾಕ್ಟೀರಿಯಾಕ್ಕೆ ಹೆಸರು ಬಂದದ್ದು ಲೂಯಿ ಪಾಶ್ಚರ್ ಅವರಿಂದ. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ರೇಬೀಸ್ ಲಸಿಕೆ ಹಾಕಿ ಉಳಿಸಿದವರೂ ಅವರೇ. ಅವರು ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ. ಹಲ್ಲು ಅದನ್ನು ಒಳಗಿಳಿಸುವ ಸೂಜಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವುದು ಬಹುತೇಕ ಅಸಾಧ್ಯ. ಲಕ್ಷಣಕ್ಕೆ ಮೊದಲೇ ಸರಿಯಾಗಿ ಲಸಿಕೆ ಪಡೆದರೆ ಇದನ್ನು ತಡೆಯಬಹುದು.

ಅತಿ ಹೆಚ್ಚು ಅಲಕ್ಷ್ಯ ಮಾಡುವುದು ಮರಿಗಳ ಕಡಿತವನ್ನು. ಬೀದಿಯಲ್ಲಿ ಎರಡು ತಿಂಗಳ ನಾಯಿಮರಿ ಸಿಕ್ಕಿದರೆ ಮಕ್ಕಳು ಎತ್ತಿಕೊಂಡು ಆಡುತ್ತಾರೆ. ಅದು ಆಟವಾಡುತ್ತಲೇ ಕಚ್ಚುತ್ತದೆ. 'ಹಾಲುಹಲ್ಲು ತಾನೇ, ಏನಾಗುತ್ತೆ' ಎಂದು ಮನೆಯವರು ಬಿಡುತ್ತಾರೆ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಎರಡು ತಿಂಗಳ ಮರಿಯ ಬಾಯಲ್ಲಿ 28 ಹಲ್ಲುಗಳಿವೆ, ದೊಡ್ಡ ಹಲ್ಲಿಗಿಂತ ಅವು ಹೆಚ್ಚು ಚೂಪು. ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿನಲ್ಲಿ. ಅಂದರೆ ಆ ಮರಿಗೆ ಇನ್ನೂ ರಕ್ಷಣೆ ಬಂದಿಲ್ಲ. ಮರಿಯ ಹಲ್ಲು ಚಿಕ್ಕದು ಎಂದು ಅಪಾಯ ಚಿಕ್ಕದಾಗುವುದಿಲ್ಲ.

ನಾಯಿ, ಬೆಕ್ಕು, ಮರಿ ಯಾವುದೇ ಕಚ್ಚಿದರೂ ಅಥವಾ ಪರಚಿದರೂ ಹೀಗೆ ಮಾಡಿ:

1. ತಕ್ಷಣ ಗಾಯವನ್ನು ಹರಿಯುವ ನಲ್ಲಿ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಏಕೆಂದರೆ ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ.
2. ಅರಿಶಿನ, ಖಾರದಪುಡಿ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ.
3. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಹಲ್ಲು ಚರ್ಮ ದಾಟಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳಿ.
4. ವೈದ್ಯರು ಬರೆದುಕೊಟ್ಟ ಎಲ್ಲ ದಿನಾಂಕಗಳಲ್ಲೂ ಲಸಿಕೆ ಪಡೆಯಿರಿ. ಗಾಯ ಒಣಗಿತು ಎಂದು ಮಧ್ಯದಲ್ಲಿ ಬಿಡಬೇಡಿ.
5. ಮನೆಯಲ್ಲಿ ಬೈಯುತ್ತಾರೆ ಎಂದು ಕಡಿತವನ್ನು ಮುಚ್ಚಿಡಬೇಡಿ. ತಮ್ಮ ತಂಗಿಯರಿಗೂ ಇದನ್ನು ಹೇಳಿಕೊಡಿ.

ಸಾಕಿದ ನಾಯಿ, ಬೆಕ್ಕಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸುವುದು ನಮ್ಮ ಜವಾಬ್ದಾರಿ. ತಿಂಗಳಿಗೊಮ್ಮೆ, ಅದು ಸಮಾಧಾನವಾಗಿ ಪಕ್ಕದಲ್ಲಿ ಮಲಗಿದ್ದಾಗ, ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಒಸಡು ತಿಳಿಗೆಂಪಾಗಿದ್ದರೆ, ಹಲ್ಲು ಬೆಳ್ಳಗಿದ್ದರೆ ಸಂತೋಷ. ಕಡುಕೆಂಪು ಗೆರೆ, ಹಳದಿ ಕಲ್ಲು ಕಂಡರೆ ಪಶುವೈದ್ಯರ ಬಳಿ ಹೋಗಿ. ಬೀದಿಯ ಪ್ರಾಣಿಗಳ ಬಾಯಿಗೆ ಮಾತ್ರ ಕೈ ಹಾಕಬೇಡಿ. ಅವುಗಳ ಮುಖ ಊದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ದೂರವಿದ್ದು ಹತ್ತಿರದ ಪಶು ಆಸ್ಪತ್ರೆಗೆ ಅಥವಾ ನಗರಸಭೆ, ಪಂಚಾಯಿತಿಯವರಿಗೆ ತಿಳಿಸಿ.